ಆಂಗ್ಲ ಭೋಜನ-ಧ್ವಜ ಮೀಮಾಂಸೆ

"ಸಂಜೆ ಟೀಗೆ ಬನ್ನಿ" ಎಂದು ಬ್ರಿಟಿಷ್ ಗೃಹಸ್ಥನೊಬ್ಬ ಕರೆದನೆಂದು ಇಟ್ಟುಕೊಳ್ಳೋಣ. ಈ ಪುಟ್ಟ ವಾಕ್ಯಕ್ಕೆ ಮೂರು ಭಾಷ್ಯಗಳು ಲಭ್ಯವಿವೆ. ಮೊದಲ ಭಾಷ್ಯದ ಪ್ರಕಾರ ಟೀ ಎಂದರೆ ಟೀ: ಒಂದು ಮಗ್ಗು, ಎರಡು ಬಿಸ್ಕತ್ತು, ಮಳೆಯ ವಿಚಾರವಾಗಿ ಒಂದಷ್ಟು ಮಾತು. ಎರಡನೆಯದರ ಪ್ರಕಾರ ನಾಲ್ಕು ಗಂಟೆ ಸುಮಾರಿಗೆ ಮೂರಂತಸ್ತಿನ ತಟ್ಟೆಯಲ್ಲಿ ಸೌತೆಕಾಯಿ ಸ್ಯಾಂಡ್‌ವಿಚ್, ಸ್ಕೋನು, ಕೇಕುಗಳು ಬರುತ್ತವೆ. ಮೂರನೆಯದು ಯಾರ್ಕ್‌ಷೈರ್, ಲ್ಯಾಂಕಾಷೈರ್ ಕಡೆಯ ಪಾಠಾಂತರ. ಅಲ್ಲಿ ಟೀ ಎಂದರೆ ಐದೂವರೆ ಆರಕ್ಕೆ ಮನೆಮಂದಿಯೆಲ್ಲ ಕೂತು ಉಣ್ಣುವ ಪೂರ್ತಿ ಊಟ. ಮಾಂಸ, ಆಲೂಗಡ್ಡೆ, ಬಟಾಣಿ, ಗ್ರೇವಿ. ಹೊಟ್ಟೆ ತುಂಬಿಸಿಕೊಂಡು ಹೋದವನಿಗೆ ತಪ್ಪದೆ ಮೂರನೆಯ ಭಾಷ್ಯವೇ ಎದುರಾಗುತ್ತದೆ, ಹಸಿದುಕೊಂಡು ಹೋದವನಿಗೆ ಮೊದಲನೆಯದು. "ಯಾವ ಟೀ ಸ್ವಾಮಿ?" ಎಂದು ಮುಂಚಿತವಾಗಿ ವಿಚಾರಿಸುವಂತಿಲ್ಲ. ವಿಚಾರಿಸಿದರೆ ನೀವು ವಿಚಾರಿಸಬೇಕಾದ ವರ್ಗದವರು ಎಂಬುದು ಬಯಲಾಗುತ್ತದೆ.

ಬ್ರಿಟನ್ನಿಗೆ ಲಿಖಿತ ಸಂವಿಧಾನವಿಲ್ಲ ಎಂದು ನಮ್ಮ ಪಿಯುಸಿ ರಾಜ್ಯಶಾಸ್ತ್ರದ ಪುಸ್ತಕದಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇವೆ. ಹಾಗಾದರೆ ಆ ಅಲಿಖಿತ ಸಂವಿಧಾನವನ್ನು ಎಲ್ಲಿಟ್ಟಿದ್ದಾರೆ ಎಂದು ಮಾತ್ರ ಮೇಷ್ಟರು ಹೇಳಲಿಲ್ಲ. ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಇಷ್ಟೇ: ಅದರ ಅರ್ಧವನ್ನು ಊಟದ ಮೇಜಿನ ಮೇಲೂ ಉಳಿದರ್ಧವನ್ನು ಧ್ವಜಸ್ತಂಭದ ಮೇಲೂ ಇಟ್ಟಿದ್ದಾರೆ. ನಿಯಮ ಏನೆಂದು ಯಾರೂ ಹೇಳಿಕೊಡುವುದಿಲ್ಲ. ನೀವು ಅದನ್ನು ಮುರಿದ ಗಳಿಗೆಯಲ್ಲಿ ಮಾತ್ರ ಇಡೀ ಕೋಣೆಗೆ ಗೊತ್ತಾಗುತ್ತದೆ, ಆಗಲೂ ಯಾರೂ ಹೇಳುವುದಿಲ್ಲ.

ಮೊದಲು ಡಿನ್ನರ್ ವಿಚಾರ. ಡಿನ್ನರ್ ಸ್ಥಿರಾಸ್ತಿಯಲ್ಲ, ಚರಾಸ್ತಿ. ಟ್ಯೂಡರ್ ದೊರೆಗಳ ಕಾಲದಲ್ಲಿ ಅದು ಬೆಳಿಗ್ಗೆ ಹನ್ನೊಂದರ ಆಸುಪಾಸಿನಲ್ಲಿತ್ತು. ಹದಿನೆಂಟನೆಯ ಶತಮಾನದಲ್ಲಿ ಸಿರಿವಂತರ ಮನೆಗಳಲ್ಲಿ ಮಧ್ಯಾಹ್ನ ಮೂರು, ನಾಲ್ಕಕ್ಕೆ ಜಾರಿತು. ವಿಕ್ಟೋರಿಯಾ ರಾಣಿಯ ಕಾಲಕ್ಕೆ ರಾತ್ರಿ ಏಳೆಂಟಕ್ಕೆ ಬಂದು ನಿಂತಿತು. ಕಾರಣ ಸರಳ. ಕತ್ತಲಲ್ಲಿ ಉಣ್ಣಬೇಕಾದರೆ ಮೇಣದ ಬತ್ತಿಗೆ ದುಡ್ಡು ಬೇಕು. ದುಡ್ಡಿದ್ದವರು ತಡವಾಗಿ ಉಂಡು ಅದನ್ನು ಊರಿಗೆ ತಿಳಿಸಿದರು. ಗಿರಣಿ, ಗಣಿ, ಹೊಲದವರ ಹೊಟ್ಟೆ ನಡುಹಗಲಿನಲ್ಲೇ ಕೂಗುತ್ತಿದ್ದರಿಂದ ಅವರ ಡಿನ್ನರ್ ಹನ್ನೆರಡಕ್ಕೇ ಉಳಿಯಿತು. ಇಂದಿಗೂ ಉತ್ತರದಲ್ಲಿ ಎಷ್ಟೋ ಮನೆಗಳಲ್ಲಿ ಅಲ್ಲೇ ಇದೆ. ಶಾಲೆಯಲ್ಲಿ ಮಧ್ಯಾಹ್ನ ಬಡಿಸುವ ಹೆಂಗಸರಿಗೆ ದೇಶಾದ್ಯಂತ "ಡಿನ್ನರ್ ಲೇಡಿ" ಎಂದೇ ಹೆಸರು. ಮಕ್ಕಳು ಮನೆಯಿಂದ ಒಯ್ಯುವ ಡಬ್ಬಿ ಮಾತ್ರ "ಲಂಚ್ ಬಾಕ್ಸ್". ಒಂದೇ ಗಂಟೆಯಲ್ಲಿ, ಒಂದೇ ಬೆಂಚಿನ ಮೇಲೆ ಒಂದು ಮಗು ಡಿನ್ನರ್ ಮಾಡುತ್ತಿರುತ್ತದೆ, ಪಕ್ಕದ ಮಗು ಲಂಚ್ ಮಾಡುತ್ತಿರುತ್ತದೆ. ಕ್ರಿಸ್‌ಮಸ್ ದಿನವಂತೂ ಡ್ಯೂಕನೂ ಡ್ರೈವರನೂ ಹಗಲುಹೊತ್ತಿನಲ್ಲೇ "ಕ್ರಿಸ್‌ಮಸ್ ಡಿನ್ನರ್" ಉಣ್ಣುತ್ತಾರೆ. ವರ್ಷಕ್ಕೊಮ್ಮೆ ಸಮತಾವಾದ.

ಡಿನ್ನರ್ ಹೀಗೆ ರಾತ್ರಿಗೆ ಓಡಿಹೋದಾಗ ಹಿಂದೆ ಒಂದು ದೊಡ್ಡ ಶೂನ್ಯ ಉಂಟಾಯಿತು. ಅದನ್ನು ತುಂಬಲು ಮೊದಲು ಲಂಚ್ ಬಂತು. ಅದೂ ಸಾಲದೆ 1840ರ ಸುಮಾರಿಗೆ ಬೆಡ್‌ಫರ್ಡಿನ ಏಳನೆಯ ಡಚೆಸ್ ಆ್ಯನಾ ಎಂಬಾಕೆಗೆ ಮಧ್ಯಾಹ್ನದ ಹೊತ್ತು ಮೈ ಕುಸಿದಂತಾಗಿ, ಕೋಣೆಗೇ ಟೀ ಮತ್ತು ತಿಂಡಿ ತರಿಸಿಕೊಂಡಳೆಂದೂ, ಗೆಳತಿಯರನ್ನು ಸೇರಿಸಿದಳೆಂದೂ, ಹೀಗೆ ಮಧ್ಯಾಹ್ನದ ಟೀ ಅವತರಿಸಿತೆಂದೂ ಐತಿಹ್ಯ. ಇಲ್ಲಿ ಪೂರ್ವಪಕ್ಷದವರು ಆಕ್ಷೇಪಿಸುತ್ತಾರೆ: ನಾಲ್ಕು ಗಂಟೆಗೆ ಹಸಿವಾದ ಮೊದಲ ಆಂಗ್ಲ ಜೀವಿ ಆಕೆಯೇ ಹೌದೆ? ಸಿದ್ಧಾಂತ: ಅಲ್ಲ, ಆದರೆ ಹಸಿವಾದ ಮೊದಲ ಡಚೆಸ್ ಇರಬಹುದು. ಉಳಿದವರ ಹಸಿವು ಹಸಿವಾಗಿಯೇ ಉಳಿಯಿತು, ಆಕೆಯದು ಸಂಪ್ರದಾಯವಾಯಿತು.

ಸಪ್ಪರ್ ಇನ್ನೂ ಸೂಕ್ಷ್ಮ. ಸಾಮಾನ್ಯರಿಗೆ ಸಪ್ಪರ್ ಎಂದರೆ ಮಲಗುವ ಮುಂಚಿನ ಕೋಕೋ, ಒಂದು ತುಂಡು ಟೋಸ್ಟು. ಮೇಲ್ವರ್ಗದವರಿಗೆ ಅಡುಗೆಮನೆಯ ಮೇಜಿನಲ್ಲೇ ಸ್ನೇಹಿತರೊಡನೆ ಉಣ್ಣುವ ಅನೌಪಚಾರಿಕ ರಾತ್ರಿಯೂಟ. 2012ರಲ್ಲಿ ಲೆವೆಸನ್ ವಿಚಾರಣೆಯ ಮುಂದೆ, ಪತ್ರಿಕೋದ್ಯಮದ ದೊಡ್ಡ ಹುದ್ದೆಯಲ್ಲಿದ್ದ ರೆಬೆಕಾ ಬ್ರೂಕ್ಸ್, ಆಗಿನ್ನೂ ಪ್ರಧಾನಿಯಾಗಿರದ ಡೇವಿಡ್ ಕ್ಯಾಮರಾನ್‌ಗೆ ಕಳಿಸಿದ್ದ ಸಂದೇಶವೊಂದನ್ನು ಓದಲಾಯಿತು. ಅದರಲ್ಲಿ "ಕಂಟ್ರಿ ಸಪ್ಪರ್" ಎಂಬ ಮಾತಿತ್ತು. ರಾಜಕೀಯ ಮತ್ತು ಪತ್ರಿಕೆಗಳ ನಂಟಿನ ಬಗ್ಗೆ ನಡೆದ ಗಂಭೀರ ವಿಚಾರಣೆ ಅದು. ಆದರೆ ಜನ ತಿಂಗಳುಗಟ್ಟಲೆ ಆಡಿಕೊಂಡದ್ದು ಆ ಎರಡು ಪದಗಳನ್ನು.

ಈ ಶಾಸ್ತ್ರಕ್ಕೆ ಸೂತ್ರಕಾರನೂ ಇದ್ದಾನೆ. ಬರ್ಮಿಂಗ್‌ಹ್ಯಾಮಿನ ಭಾಷಾಶಾಸ್ತ್ರದ ಪ್ರೊಫೆಸರ್ ಆ್ಯಲನ್ ರಾಸ್ 1954ರಲ್ಲಿ ಮೇಲ್ವರ್ಗದ ಮಾತು ಯಾವುದು, ಅಲ್ಲದ್ದು ಯಾವುದು ಎಂದು "ಯು" ಮತ್ತು "ನಾನ್-ಯು" ಎಂಬ ವಿಭಾಗ ಮಾಡಿ ಲೇಖನ ಬರೆದ. ಪ್ರಕಟವಾದದ್ದು ಫಿನ್‌ಲೆಂಡಿನ ಪತ್ರಿಕೆಯಲ್ಲಿ. ಇಂಥದ್ದನ್ನು ಸ್ವದೇಶದಲ್ಲಿ ಅಚ್ಚು ಹಾಕಿಸುವುದು ಕ್ಷೇಮವಲ್ಲ ಎಂಬುದು ಈ ಪ್ರಬಂಧಕಾರನ ಊಹೆ. ಕಾದಂಬರಿಗಾರ್ತಿ ನ್ಯಾನ್ಸಿ ಮಿಟ್‌ಫರ್ಡ್ ಅದನ್ನೆತ್ತಿಕೊಂಡು ಮನೆಮಾತಾಗಿಸಿದಳು. ಅದರಂತೆ ಬಾಯಿ ಒರೆಸುವ ಬಟ್ಟೆಯನ್ನು "ನ್ಯಾಪ್‌ಕಿನ್" ಎಂದವನು ಕುಲೀನ, "ಸರ್ವಿಯೆಟ್" ಎಂದವನು ಅಲ್ಲ. ಊಟದ ಕೊನೆಗೆ ಬರುವುದು ಐಸ್‌ಕ್ರೀಮಾಗಿರಲಿ, ಸೇಬಾಗಿರಲಿ, ಅದು "ಪುಡಿಂಗ್".

ಪುಡಿಂಗ್ ಎಂದ ಮೇಲೆ ಖಾದ್ಯನಾಮಗಳ ವಿಚಾರಕ್ಕೆ ಬರಲೇಬೇಕು. ಇಲ್ಲಿ ನೇತಿ ನೇತಿ ಮಾರ್ಗವೊಂದೇ ಗತಿ. ಟೋಡ್-ಇನ್-ದ-ಹೋಲ್‌ನಲ್ಲಿ ಕಪ್ಪೆಯಿಲ್ಲ, ಸಾಸೇಜಿದೆ. ವೆಲ್ಷ್ ರ್‍ಯಾಬಿಟ್‌ನಲ್ಲಿ ಮೊಲವಿಲ್ಲ, ಚೀಸಿದೆ. ಮಿನ್ಸ್‌ಮೀಟ್‌ನಲ್ಲಿ ಈಗ ಮಾಂಸವಿಲ್ಲ, ಒಣದ್ರಾಕ್ಷಿಯಿದೆ. ಸ್ವೀಟ್‌ಬ್ರೆಡ್ ಸಿಹಿಯೂ ಅಲ್ಲ, ಬ್ರೆಡ್ಡೂ ಅಲ್ಲ. ಅದರಲ್ಲಿ ಮಾತ್ರ ಮಾಂಸವಿದೆ. ಬಾಂಬೆ ಡಕ್ ಬಾತುಕೋಳಿಯಲ್ಲ, ಮೀನು. ಬ್ಲ್ಯಾಕ್ ಪುಡಿಂಗ್ ರಕ್ತದಿಂದ ಮಾಡಿದ್ದು, ಬೆಳಗಿನ ತಿಂಡಿಗೆ ಮೊಟ್ಟೆಯ ಪಕ್ಕದಲ್ಲಿ ಕೂರುತ್ತದೆ. ಸಸ್ಯಾಹಾರಿ ಓದುಗರು ಕಪ್ಪೆ ಮೊಲಗಳಿಗೆ ಹೆದರಿ ಮಿನ್ಸ್‌ಮೀಟನ್ನೂ ಬಿಟ್ಟು, ಪುಡಿಂಗೆಂದು ನಂಬಿ ಬ್ಲ್ಯಾಕ್ ಪುಡಿಂಗಿಗೆ ಕೈ ಹಾಕುವ ಸಂಭವವಿದೆ.

ಯಾರ್ಕ್‌ಷೈರ್ ಪುಡಿಂಗನ್ನು ಹತ್ತಿರದಿಂದ ನೋಡೋಣ. ಹಿಟ್ಟು, ಮೊಟ್ಟೆ, ಹಾಲು ಕಲಸಿದ ತೆಳ್ಳನೆಯ ಸಂಪಣ. ಅದನ್ನು ಹುರಿದ ಗೋಮಾಂಸದಿಂದ ಇಳಿದ ಕೊಬ್ಬು ಹೊಗೆಯಾಡುವಷ್ಟು ಕಾದಿರುವಾಗ ಸುರಿಯಬೇಕು. ಸುರ್ರೆಂದು ಅಂಚು ಗರಿಗರಿಯಾಗಿ ಮೇಲೇರುತ್ತದೆ, ನಡುವೆ ಗುಂಡಿ ಬೀಳುತ್ತದೆ, ಗುಂಡಿಗೆ ಗ್ರೇವಿ. ಒಲೆಯ ಬಾಗಿಲನ್ನು ಮಧ್ಯದಲ್ಲಿ ತೆರೆದು ಇಣುಕಿದರೆ ಕುಸಿದು ಕೂರುತ್ತದೆ. ಹಿಂದೆ ಇದನ್ನು ಮಾಂಸಕ್ಕಿಂತ ಮುಂಚೆ ಬಡಿಸುತ್ತಿದ್ದರು. ಹೊಟ್ಟೆ ಇದರಲ್ಲೇ ತುಂಬಿದರೆ ದುಬಾರಿ ಮಾಂಸ ಉಳಿಯುತ್ತದೆ. 1747ರಲ್ಲೇ ಹ್ಯಾನಾ ಗ್ಲಾಸ್ ತನ್ನ ಪಾಕಪುಸ್ತಕದಲ್ಲಿ ಇದನ್ನು ಈ ಹೆಸರಿನಿಂದ ದಾಖಲಿಸಿದ್ದಾಳೆ. ಆದರೆ ಎಷ್ಟು ಉಬ್ಬಿದರೆ ಪುಡಿಂಗ್, ಎಷ್ಟಕ್ಕೆ ಬರಿಯ ಹಿಟ್ಟು ಎಂಬ ತಾತ್ವಿಕ ಪ್ರಶ್ನೆ 2008ರವರೆಗೂ ಇತ್ಯರ್ಥವಾಗಿರಲಿಲ್ಲ. ಆ ವರ್ಷ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ, ಹೌದು, ರಸಾಯನಶಾಸ್ತ್ರದವರೇ, ನಾಲ್ಕು ಇಂಚಿಗಿಂತ ಕುಳ್ಳಗಿರುವುದು ಯಾರ್ಕ್‌ಷೈರ್ ಪುಡಿಂಗೇ ಅಲ್ಲ ಎಂದು ತೀರ್ಪಿತ್ತರು.

ಇದರಿಂದ ಒಂದು ವಿಚಿತ್ರ ಹೊಳೆಯುತ್ತದೆ. ದೇಶ ಹೇಗೆ ನಡೆಯಬೇಕು ಎಂದು ಒಂದು ಪುಸ್ತಕದಲ್ಲಿ ಬರೆದಿಡದ ಈ ಜನ, ಟೀ ಹೇಗೆ ಕಾಸಬೇಕೆಂದು ಬರೆದಿಟ್ಟಿದ್ದಾರೆ. ಬ್ರಿಟಿಷ್ ಸ್ಟ್ಯಾಂಡರ್ಡ್ 6008, ಇಸವಿ 1980. ನೂರು ಮಿಲಿಲೀಟರ್ ನೀರಿಗೆ 2 ಗ್ರಾಂ ಸೊಪ್ಪು, 6 ನಿಮಿಷ ನೆನೆಯಬೇಕು, ಹಾಲು ಹಾಕುವುದಾದರೆ ಸಾಮಾನ್ಯವಾಗಿ ಮೊದಲೇ. ರುಚಿ ಪರೀಕ್ಷಕರ ಪ್ರಯೋಗಾಲಯಕ್ಕಾಗಿ ಬರೆದದ್ದು ನಿಜ. ಆದರೂ 1999ರಲ್ಲಿ ಇದಕ್ಕೆ ಸಾಹಿತ್ಯ ವಿಭಾಗದ ಇಗ್ ನೊಬೆಲ್ ಎಂಬ ತಮಾಷೆಯ ಪ್ರಶಸ್ತಿ ಸಂದಿತು. ಇತ್ತ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಜಾರ್ಜ್ ಆರ್ವೆಲ್ 1946ರಲ್ಲೇ, ಟೀ ಇನ್ನೂ ರೇಷನ್ನಿನಲ್ಲಿದ್ದಾಗ, ಹನ್ನೊಂದು ನಿಯಮಗಳನ್ನು ಬರೆದು ಹಾಲು ಆಮೇಲೆಯೇ ಎಂದಿದ್ದ. ಶ್ರುತಿಗೂ ಸ್ಮೃತಿಗೂ ವಿರೋಧ ಬಂದಲ್ಲಿ ಶ್ರುತಿಯೇ ಪ್ರಮಾಣ ಎನ್ನುತ್ತಾರೆ ನಮ್ಮ ಹಿರಿಯರು. ಇವೆರಡರಲ್ಲಿ ಶ್ರುತಿ ಯಾವುದೆಂದು ಅವರು ಹೇಳಿಲ್ಲ.

ಕೇಕು-ಬಿಸ್ಕತ್ತು ವಿವೇಕವನ್ನಂತೂ ನ್ಯಾಯಮಂಡಳಿಯೇ ಮಾಡಿದೆ. ಚಾಕೊಲೇಟ್ ಮೆತ್ತಿದ ಬಿಸ್ಕತ್ತಿಗೆ ವ್ಯಾಟ್ ಉಂಟು, ಕೇಕಿಗೆ ಇಲ್ಲ. ಜಾಫಾ ಕೇಕ್ ಯಾವ ಜಾತಿ? 1991ರಲ್ಲಿ ಮಂಡಳಿ ಅದರ ಗಾತ್ರ, ಮೆತ್ತಗಿನ ಗುಣ, ಅಂಗಡಿಯಲ್ಲಿ ಇಡುವ ಜಾಗ ಎಲ್ಲವನ್ನೂ ಪರಿಶೀಲಿಸಿತು. ಹಳಸಿದ ಬಿಸ್ಕತ್ತು ಮೆತ್ತಗಾಗುತ್ತದೆ, ಹಳಸಿದ ಕೇಕು ಗಟ್ಟಿಯಾಗುತ್ತದೆ. ಜಾಫಾ ಗಟ್ಟಿಯಾಯಿತು, ಆದ್ದರಿಂದ ಕೇಕು. ಕೆಟ್ಟ ಮೇಲೇ ಸ್ವಭಾವ ತಿಳಿಯುವುದು ಎಂಬ ನ್ಯಾಯ ಇದು.

ಕ್ರೀಮ್ ಟೀ ವಿಚಾರದಲ್ಲಿ ಮಾತ್ರ ಯಾವ ಮಂಡಳಿಯೂ ತಲೆ ಹಾಕಿಲ್ಲ. ಸ್ಕೋನಿನ ಮೇಲೆ ಡೆವನ್ನಿನವರು ಮೊದಲು ಕ್ರೀಮು, ಮೇಲೆ ಜಾಮು. ಕಾರ್ನ್‌ವಾಲಿನವರು ಮೊದಲು ಜಾಮು, ಮೇಲೆ ಕ್ರೀಮು. ಪಾದ ಇರುವ ನಾಮ, ಪಾದ ಇಲ್ಲದ ನಾಮಗಳ ನಡುವೆ ತೆಂಗಲೆ-ವಡಗಲೆಯವರು ನಡೆಸಿದ ವ್ಯಾಜ್ಯ ಬಲ್ಲವರಿಗೆ ಹೆಚ್ಚು ವಿವರಿಸಬೇಕಿಲ್ಲ. 2018ರಲ್ಲಿ ಕಾರ್ನ್‌ವಾಲಿನ ಲ್ಯಾನ್‌ಹೈಡ್ರಾಕ್ ಬಂಗಲೆಯವರು ಜಾಹೀರಾತಿನ ಚಿತ್ರದಲ್ಲಿ ಕ್ರೀಮನ್ನು ಕೆಳಗೆ ಹಚ್ಚಿಬಿಟ್ಟು, ಎದ್ದ ಕೋಲಾಹಲಕ್ಕೆ ಕ್ಷಮೆ ಕೇಳಬೇಕಾಯಿತು.

ಇನ್ನು ಧ್ವಜಕಾಂಡ. ಯೂನಿಯನ್ ಜ್ಯಾಕನ್ನು ರಾಷ್ಟ್ರಧ್ವಜವೆಂದು ಸಾರುವ ಕಾಯಿದೆ ಬ್ರಿಟನ್ನಿನಲ್ಲಿ ಇಲ್ಲ. 1908ರಲ್ಲಿ ಸರ್ಕಾರ ಪಾರ್ಲಿಮೆಂಟಿನಲ್ಲಿ ಹಾಗೆ ಪರಿಗಣಿಸಬೇಕು ಎಂದಿತು, ಅಷ್ಟೇ. ಬದಲಿಗೆ ಇಂಗ್ಲೆಂಡಿನ ಯೋಜನಾ ನಿಯಮಗಳಲ್ಲಿ ಬಾವುಟ ಒಂದು "ಜಾಹೀರಾತು". ರಾಷ್ಟ್ರಧ್ವಜಗಳು ಪರವಾನಗಿ ಬೇಡದ ಜಾಹೀರಾತುಗಳು. 1606ರಲ್ಲಿ ಇಂಗ್ಲೆಂಡಿನ ಶಿಲುಬೆ, ಸ್ಕಾಟ್ಲೆಂಡಿನ ಶಿಲುಬೆ ಕೂಡಿಸಿದರು, 1801ರಲ್ಲಿ ಐರ್ಲೆಂಡಿನದನ್ನು ಸೇರಿಸಿದರು. ವೇಲ್ಸ್‌ಗೆ ಜಾಗವಿಲ್ಲ, ಅವರಲ್ಲಿ ಒಂದು ಕೆಂಪು ಡ್ರ್ಯಾಗನ್ ಇದ್ದರೂ. ಮೂರನ್ನು ಹೊಂದಿಸುವ ಭರದಲ್ಲಿ ಓರೆಪಟ್ಟಿಗಳು ಸಮವಾಗಲಿಲ್ಲ. ಕಂಬದ ಪಕ್ಕದ ಮೇಲ್ಮೂಲೆಯಲ್ಲಿ ಅಗಲವಾದ ಬಿಳಿಪಟ್ಟಿ ಕೆಂಪಿನ ಮೇಲಿರಬೇಕು. ಕೆಳಗಿದ್ದರೆ ಧ್ವಜ ತಲೆಕೆಳಗು, ಹಡಗಿನವರ ಭಾಷೆಯಲ್ಲಿ "ಕಾಪಾಡಿ" ಎಂದರ್ಥ. ನೂರಕ್ಕೆ ಎಷ್ಟು ಬ್ರಿಟಿಷರಿಗೆ ಇದು ಕಣ್ಣಿಗೆ ಬೀಳುತ್ತದೋ; ಬಿದ್ದವರು ಮಾತ್ರ ಪತ್ರಿಕೆಗೆ ಬರೆಯುತ್ತಾರೆ. 2009ರಲ್ಲಿ ಚೀನಾದ ಪ್ರಧಾನಿ ಬಂದಾಗ ಡೌನಿಂಗ್ ಸ್ಟ್ರೀಟಿನ ಒಪ್ಪಂದದ ಮೇಜಿನ ಮೇಲೆ ಪುಟ್ಟ ಧ್ವಜ ತಲೆಕೆಳಗಾಗಿತ್ತು. ದೇಶ ಆಗ ಆರ್ಥಿಕ ಕುಸಿತದಲ್ಲಿತ್ತಾದ್ದರಿಂದ ಅದನ್ನು ತಪ್ಪೆನ್ನಬೇಕೋ ವರದಿಯೆನ್ನಬೇಕೋ ಎಂಬಲ್ಲಿ ಭಿನ್ನಾಭಿಪ್ರಾಯವಿದೆ.

ಅರ್ಧಸ್ತಂಭ ಎನ್ನುವುದು ಅರ್ಧವಲ್ಲ, ಸುಮಾರು ಮೂರನೇ ಎರಡು ಭಾಗ. ಧ್ವಜವನ್ನು ಮೊದಲು ತುದಿಗೇರಿಸಿ ಆಮೇಲೆ ಇಳಿಸಬೇಕು. ರಾಜಧ್ವಜವಾದ ರಾಯಲ್ ಸ್ಟ್ಯಾಂಡರ್ಡ್ ಯಾರು ಸತ್ತರೂ ಇಳಿಯುವುದಿಲ್ಲ. ಒಬ್ಬರ ಉಸಿರು ನಿಂತ ಕ್ಷಣವೇ ಇನ್ನೊಬ್ಬರು ದೊರೆ, ಹಾಗಾಗಿ ದೊರೆಗೆ ಸಾವಿಲ್ಲ. ಅದು ದೊರೆ ಇರುವ ಮನೆಯ ಮೇಲೆ ಮಾತ್ರ ಹಾರುತ್ತದೆ. 1997ರಲ್ಲಿ ಡಯಾನಾ ತೀರಿಕೊಂಡಾಗ ರಾಣಿ ಬಾಲ್ಮೋರಲ್‌ನಲ್ಲಿದ್ದುದರಿಂದ ಬಕಿಂಗ್‌ಹ್ಯಾಮ್ ಅರಮನೆಯ ಕಂಬ ಬೋಳಾಗಿತ್ತು. ಶಾಸ್ತ್ರ ಸರಿಯಾಗಿತ್ತು, ಜನ ಸಿಟ್ಟಿಗೆದ್ದಿದ್ದರು. ಕೊನೆಗೆ ಸೆಪ್ಟೆಂಬರ್ 6ರಂದು ರಾಣಿ ಅಂತ್ಯಕ್ರಿಯೆಗೆ ಹೊರಟ ಮೇಲೆ ಯೂನಿಯನ್ ಜ್ಯಾಕ್ ಏರಿ ಅರ್ಧಕ್ಕಿಳಿಯಿತು. ಅಂದಿನಿಂದ ದೊರೆಯಿಲ್ಲದಾಗ ಅಲ್ಲಿ ಅದೇ ಹಾರುವುದು ಪದ್ಧತಿ, ಅಂದರೆ ಸಂವಿಧಾನಕ್ಕೆ ತಿದ್ದುಪಡಿ. ಬೆಲ್‌ಫಾಸ್ಟಿನಲ್ಲಿ 2012ರಲ್ಲಿ ನಗರಸಭೆಯ ಮೇಲೆ ಧ್ವಜ ಹಾರುವ ದಿನಗಳನ್ನು ಕಡಿತಗೊಳಿಸಿದ್ದಕ್ಕೆ ಬೀದಿಗಲಭೆಗಳೇ ಆದವು. ಅಲ್ಲಿ ಅಣಕಕ್ಕೆ ಜಾಗವಿಲ್ಲ.

ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಸಂಘದವರು ತ್ರಿವರ್ಣದ ನೂಲೆಳೆ, ಬಣ್ಣ, ಹೊಲಿಗೆಗಳನ್ನು ಅಳೆದು ಅಳೆದು ಸಿದ್ಧಪಡಿಸುತ್ತಾರೆ. ಅದನ್ನು ಕರವಸ್ತ್ರದ ಮೇಲೋ ನ್ಯಾಪ್‌ಕಿನ್ನಿನ ಮೇಲೋ ಅಚ್ಚು ಹಾಕುವುದು ಅಪರಾಧ. ಬ್ರಿಟನ್ನಿನಲ್ಲಿ ಧ್ವಜ ಚಡ್ಡಿಯ ಮೇಲೂ ಉಂಟು. ಪಟ್ಟಾಭಿಷೇಕವೋ ಜುಬಿಲಿಯೋ ಬಂದರೆ ಬೀದಿಗೆ ಅಡ್ಡಲಾಗಿ ತೋರಣ ಕಟ್ಟಿ, ಉದ್ದನೆಯ ಮೇಜು ಹಾಕಿ ಊರವರೆಲ್ಲ ಉಣ್ಣುತ್ತಾರೆ. 1953ರ ಪಟ್ಟಾಭಿಷೇಕಕ್ಕೆ ಕರಿಪೌಡರ್ ಹಾಕಿದ ತಣ್ಣನೆಯ ಕೋಳಿ ಬಂತು, 2023ರದಕ್ಕೆ ಪಾಲಕ್ ಮತ್ತು ಬ್ರಾಡ್ ಬೀನ್ಸ್ ಹಾಕಿದ ಕೀಷ್. ಹಗಲು ನಡೆಯುವ ಈ ಊಟ ಲಂಚೋ ಡಿನ್ನರೋ ಟೀಯೋ ಎಂದು ಆ ದಿನ ಯಾರೂ ಕೇಳುವುದಿಲ್ಲ. "ಪಾರ್ಟಿ" ಎಂದು ತಪ್ಪಿಸಿಕೊಳ್ಳುತ್ತಾರೆ. ಪರದೇಶಿ ಅತಿಥಿಗೆ ಇಲ್ಲಿ ಧ್ವಜದ ದೋಷದಿಂದಲೂ ವಿಮೋಚನೆಯಿದೆ. ಮೇಜಿನ ಮೇಲಿರುವ ಯೂನಿಯನ್ ಜ್ಯಾಕ್ ಕಾಗದದ್ದು, ಅದಕ್ಕೆ ಕಂಬವಿಲ್ಲ, ಆಕೃತಿಯನ್ನು ಅರ್ಧ ಸುತ್ತು ತಿರುಗಿಸಿದರೆ ಮತ್ತೆ ಅದೇ ಚಿತ್ರ ಬರುತ್ತದೆ. ತಿರುಗಿಸಿಟ್ಟರೂ ಸರಿ, ಮಗುಚದಿದ್ದರೆ ಸಾಕು. ಅದರಿಂದ ಕೀಷ್‌ನ ಜಿಡ್ಡು ಒರೆಸಿಕೊಳ್ಳಬಹುದು, ಅರಸರ ಆಕ್ಷೇಪಣೆಯಿಲ್ಲ. ಇನ್ನೊಂದು ಬೇಕೆನಿಸಿದಾಗ ಪಕ್ಕದವರನ್ನು "ಒಂದು ಸರ್ವಿಯೆಟ್ ಕೊಡ್ತೀರಾ?" ಎಂದು ಕೇಳದಿದ್ದರಾಯಿತು.