ಸಹಿಗೆ ಮೊದಲು ಪಾಠ: ಕೋಠಿಯ ಆಸ್ಪತ್ರೆಗಳ ಅಧೀಕ್ಷಕರಿಗೆ ಬಹಿರಂಗ ಪತ್ರ

ಮಾನ್ಯರೇ,

ಸುಲ್ತಾನ್ ಬಜಾರಿನ ಹೆರಿಗೆ ಆಸ್ಪತ್ರೆ, ಕಿವಿ-ಮೂಗು-ಗಂಟಲಿನ ಆಸ್ಪತ್ರೆ, ಉಸ್ಮಾನಿಯಾ ವೈದ್ಯಕೀಯ ಕಾಲೇಜು ಎಲ್ಲವೂ ಹೈದರಾಬಾದಿನ ಕೋಠಿಯ ಆಸುಪಾಸಿನಲ್ಲೇ ಇವೆ. ಬೀದರ, ಕಲಬುರಗಿಯಿಂದ ರೋಗಿಗಳನ್ನು ಕರೆತರುವ ನಮ್ಮವರಿಗೆ ಈ ಬೀದಿಗಳು ಪರಿಚಿತ. ವಾರ್ಡಿನ ನೆಲ ಒರೆಸುವವರು, ಸೂಜಿ ಎತ್ತುವವರು, ತ್ಯಾಜ್ಯದ ಚೀಲ ಹೊರುವವರಿಗಾಗಿ ಈ ಪತ್ರ ಬರೆಯುತ್ತಿದ್ದೇನೆ.

ಅಪಾಯದ ವಸ್ತುವನ್ನು ಅರಿತೇ ಮುಟ್ಟಬೇಕೆಂಬುದು ನಿಮ್ಮ ಊರಿಗೆ ಹಳೆಯ ಪಾಠ. 1888 ಮತ್ತು 1889ರಲ್ಲಿ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿ ಹೈದರಾಬಾದಿನಲ್ಲಿ ಅರಿವಳಿಕೆಗೆ ಬಳಸುತ್ತಿದ್ದ ಕ್ಲೋರೋಫಾರ್ಮಿನ ಬಗ್ಗೆ ಎರಡು ಆಯೋಗಗಳನ್ನು ನಡೆಸಿದರು. ಆರನೆಯ ನಿಜಾಮರು ನೆರವಾದರು. ಉಸಿರಾಟವನ್ನು ಗಮನಿಸಿದರೆ ಸಾಕು, ಹೃದಯಕ್ಕೆ ನೇರ ಅಪಾಯವಿಲ್ಲ ಎಂದು ಲಾರಿ ನಂಬಿದ್ದರು. ಹೃದಯಕ್ಕೂ ಅಪಾಯವಿದೆಯೆಂದು 1911ರಲ್ಲಿ ವೈದ್ಯ ಗುಡ್‌ಮನ್ ಲೀವಿ ಪ್ರಯೋಗದಿಂದ ತೋರಿಸಿದರು. ಪಂಡಿತರ ತಿಳಿವಳಿಕೆಗೇ ತಿದ್ದುಪಡಿ ಬೇಕಾಯಿತೆಂದ ಮೇಲೆ, ನಿನ್ನೆಯಷ್ಟೇ ಕೆಲಸಕ್ಕೆ ಸೇರಿದ ಹೆಣ್ಣುಮಗಳಿಗೆ ಒಂದು ಬೆಳಗಿನ ಭಾಷಣ ಎಲ್ಲಿ ಸಾಕಾದೀತು?

ಕಾನೂನೂ ಇದನ್ನೇ ಹೇಳುತ್ತದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಕೆಲಸಕ್ಕೆ ಸೇರುವಾಗಲೂ ಆಮೇಲೆ ವರ್ಷಕ್ಕೊಮ್ಮೆಯಾದರೂ ತರಬೇತಿ ಕೊಡಬೇಕು. ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕು. ಗುತ್ತಿಗೆಯವರನ್ನು ಇದರಿಂದ ಹೊರಗಿಡಲು ಕಾರಣವೇ ಇಲ್ಲ. ಸೂಜಿಗೆ ಹಾಜರಿ ಪುಸ್ತಕ ಗೊತ್ತಿಲ್ಲ. ಸೋಂಕಿತ ರಕ್ತದ ಸೂಜಿ ಚುಚ್ಚಿದರೆ, ಲಸಿಕೆಯಿಲ್ಲದ 100 ಜನರಲ್ಲಿ 30ರವರೆಗೂ ಹೆಪಟೈಟಿಸ್ ಬಿ ತಗುಲಬಹುದು.

ತರಬೇತಿಯೆಂದರೆ ಪರದೆಯ ಮೇಲಿನ ಚಿತ್ರಗಳಷ್ಟೇ ಆಗಬಾರದು. ಕೆಲಸಗಾರರ ಕೈಗೆ ಚೀಲಗಳನ್ನೇ ಕೊಡಿ: ರಕ್ತ ಮೆತ್ತಿದ ಹತ್ತಿ ಹಳದಿಗೆ, ಪ್ಲಾಸ್ಟಿಕ್ ನಳಿಕೆ ಕೆಂಪಿಗೆ, ಸೂಜಿ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ, ಗಾಜು ನೀಲಿಗೆ. ಬಳಸಿದ ಸೂಜಿಗೆ ಮುಚ್ಚಳ ಹಾಕಬಾರದೆಂದು ಮಾಡಿ ತೋರಿಸಿ. ಬ್ಲೀಚಿಂಗ್ ದ್ರಾವಣಕ್ಕೆ ಶೌಚಾಲಯದ ಆಸಿಡ್ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಅದು ಶ್ವಾಸಕೋಶವನ್ನೇ ಸುಡುತ್ತದೆ ಎಂದು ತಿಳಿಸಿ. ಗಂಟಲಿನ ಗಡ್ಡೆಯ ತುಣುಕು ಮುಳುಗಿಸುವ ಫಾರ್ಮಲಿನ್‌ನಲ್ಲಿ ಫಾರ್ಮಾಲ್ಡಿಹೈಡ್ ಇದೆ. ಮೂಗು-ಗಂಟಲು ಸಂಧಿಸುವೆಡೆ ಅದು ಕ್ಯಾನ್ಸರ್ ತರಬಲ್ಲದೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ತೀರ್ಮಾನಿಸಿದೆ. ಆ ಸೀಸೆ ಹಿಡಿಯುವವರಿಗೆ ಇದು ಗೊತ್ತಿರಲೇಬೇಕು.

ಸೂಜಿ ಚುಚ್ಚಿದರೆ ಏನು ಮಾಡಬೇಕೆಂಬುದನ್ನು ಬಾಯಿಪಾಠವಾಗುವಷ್ಟು ಸಲ ಹೇಳಿ: ಗಾಯವನ್ನು ಹಿಂಡಬೇಡ, ಬಾಯಿಗಿಡಬೇಡ, ಸೋಪು-ನೀರಿನಿಂದ ತೊಳೆದು ಕೂಡಲೇ ತಿಳಿಸು. ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಯೊಳಗೆ ಶುರುಮಾಡಬೇಕು. ಬೇಗ ಆದಷ್ಟೂ ಒಳ್ಳೆಯದು. ತಿಳಿಸಿದವಳಿಗೆ ಬೈಗುಳ ಸಿಕ್ಕರೆ ಮುಂದಿನವಳು ಬಾಯಿ ಬಿಡುವುದಿಲ್ಲ. ಆ ಗಂಟೆಗಳು ಕೈತಪ್ಪುತ್ತವೆ.

ಈ ಪಾಠ ತೆಲುಗಿನಲ್ಲಿರಲಿ, ದಖನಿಯಲ್ಲಿರಲಿ, ಕೃಷ್ಣಾ-ಮಕ್ತಲ್ ಕಡೆಯವರಿದ್ದರೆ ಕನ್ನಡದಲ್ಲೂ ಇರಲಿ. ಕೊನೆಗೆ ಸಹಿ ಕೇಳುವ ಬದಲು, ಕಲಿತದ್ದನ್ನು ಅವರಿಂದಲೇ ಮಾಡಿಸಿ ನೋಡಿ. ಬಾರದಿದ್ದರೆ ಮತ್ತೆ ಕಲಿಸಿ. ಲಸಿಕೆ ಪೂರ್ತಿಯಾಗುವವರೆಗೆ, ಪಾಠ ಕೈಗೆ ಹತ್ತುವವರೆಗೆ ಯಾರನ್ನೂ ಸೂಜಿಯ ಡಬ್ಬಿ ಎತ್ತಲು ಕಳಿಸಬೇಡಿ. ಈ ಒಂದು ಆದೇಶಕ್ಕೆ ಹೊಸ ಕಟ್ಟಡ ಬೇಡ, ನಿಮ್ಮ ರುಜು ಸಾಕು. ಅದನ್ನು ಇಂದೇ ಹಾಕಿ.

ಇತಿ,
ಕನ್ನಡದ ಒಬ್ಬ ನಾಗರಿಕ