ರೈಸ್ ಸಾಹೇಬರು ಅಕ್ಕಿಯವರ ಪೈಕಿಯೇ?

“ರೀ ಸರ, ನಿಮ್ಮ ಶಾಸನದ ರೈಸ್ ಸಾಹೇಬ್ರು ನಮ್ಮ ಪೈಕಿ ಏನ್ರೀ?”

ಕಾಂಪೌಂಡಿನ ಆಚೆಯಿಂದ ಬಂದ ಪ್ರಶ್ನೆ. ಕೇಳಿದವರು ಅಕ್ಕಿಯವರು. ಧಾರವಾಡದಲ್ಲಿ ಇಂಥ ಹೆಸರು ವಿಶೇಷವೇನಲ್ಲ. ನಮ್ಮ ಪಕ್ಕದ ಮನೆ ಅಕ್ಕಿ, ಎದುರು ಮನೆ ಮೆಣಸಿನಕಾಯಿ, ಮೂಲೆ ಮನೆ ಉಳ್ಳಾಗಡ್ಡಿ. ಮೂರೂ ಮನೆಯವರು ಒಟ್ಟಿಗೆ ನಿಂತು ಫೋಟೋ ತೆಗೆಸಿಕೊಂಡರೆ ಚಿತ್ರಾನ್ನಕ್ಕೆ ಒಗ್ಗರಣೆಯೊಂದೇ ಬಾಕಿ. ಮೈಸೂರು ಕಡೆಯವನಾದ ನನಗೆ ಅಡ್ಡಹೆಸರೇ ಇಲ್ಲ. ಊರಿನದೊಂದಕ್ಷರ, ಅಪ್ಪನದೊಂದಕ್ಷರ, ಆಮೇಲೆ ನಾನು. ಅಕ್ಕಿಯವರು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವರು. ಫಾರಂನಲ್ಲಿ ಒಂದು ಕಲಂ ಖಾಲಿ ಬಿಟ್ಟವರನ್ನು ಕಂಡರೆ ಈಗಲೂ ಅವರಿಗೆ ಒಳಗೊಳಗೇ ಕನಿಕರ.

“ರೈಸ್ ಅಂದ್ರ ಅಕ್ಕಿ ಹೌದಲ್ರೀ? ಬೆಂಗ್ಳೂರಾಗ ಅವರ ಅಪ್ಪನ ಹೆಸರಿನ ಚರ್ಚೂ ಐತಿ. ಅಲ್ಲೇ ಅಕ್ಕಿಪ್ಯಾಟಿನೂ ಐತಿ. ಲೆಕ್ಕ ತಾಳಿ ಆತು.”

ಕ್ಯಾಷಿಯರ್ ಲೆಕ್ಕ ತಾಳೆಯಾಯಿತು ಎಂದ ಮೇಲೆ ಅಲ್ಲವೆನ್ನುವುದು ಕಷ್ಟ. ಆದರೂ ಎಂದೆ. ಅವೆನ್ಯೂ ರಸ್ತೆಯ ರೈಸ್ ಮೆಮೋರಿಯಲ್ ಚರ್ಚಿಗೂ ಅಕ್ಕಿಪೇಟೆಯ ಮಂಡಿಗಳಿಗೂ ಯಾವ ನಂಟೂ ಇಲ್ಲ. ಅದು ಬೆಂಜಮಿನ್ ರೈಸ್ ಎಂಬ ಪಾದ್ರಿಯ ಹೆಸರು. ಲಂಡನ್ ಮಿಷನರಿ ಸೊಸೈಟಿಯಿಂದ ಬಂದು, ಕನ್ನಡ ಕಲಿತು, ಐವತ್ತು ವರ್ಷ ಇಲ್ಲೇ ಇದ್ದು 1887ರಲ್ಲಿ ತೀರಿಕೊಂಡವರು. ಅವರ ಮಗ ಬೆಂಜಮಿನ್ ಲೂಯಿಸ್ ರೈಸ್ ಹುಟ್ಟಿದ್ದೇ ಬೆಂಗಳೂರಿನಲ್ಲಿ, 1837ರಲ್ಲಿ. ಮೇಷ್ಟ್ರಾಗಿ ಶುರುಮಾಡಿ, ಮೈಸೂರು ಗೆಜೆಟಿಯರ್ ಬರೆದು, ಆಮೇಲೆ ಕಲ್ಲುಗಳ ಬೆನ್ನು ಹತ್ತಿದರು. ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡು ಸಂಪುಟಗಳಲ್ಲಿ ಒಂಬತ್ತು ಸಾವಿರದ ಆಸುಪಾಸು ಶಾಸನಗಳನ್ನು ಅಚ್ಚು ಹಾಕಿಸಿದ ಪುಣ್ಯಾತ್ಮ. ಇನ್ನೊಬ್ಬ ಮಗ ಎಡ್ವರ್ಡ್ ಪೀಟರ್ ರೈಸ್ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು. ಒಂದು ಮನೆತನ ಕನ್ನಡಕ್ಕೆ ಇಷ್ಟು ಮಾಡಿದ್ದರಿಂದ ಅವರು ನಮ್ಮ ಪೈಕಿ ಎಂದುಕೊಳ್ಳಲು ನನ್ನ ಆಕ್ಷೇಪಣೆಯೇನಿಲ್ಲ. ಆದರೆ ಆ ರೈಸ್ ಎಂಬ ಅಡ್ಡಹೆಸರಿನಲ್ಲಿ ಒಂದು ಕಾಳು ಅಕ್ಕಿಯೂ ಇಲ್ಲ.

“ಮತ್ತೇನೈತ್ರಿ ಅದ್ರಾಗ?”

ವೇಲ್ಸ್ ಇದೆ. ಇಂಗ್ಲೆಂಡಿನ ಪಶ್ಚಿಮಕ್ಕೆ ಅಂಟಿಕೊಂಡ, ಗುಡ್ಡ, ಮಳೆ, ಕುರಿ, ಕಲ್ಲಿದ್ದಲಿನ ಆ ನಾಡಿನಲ್ಲಿ ಹಿಂದಿನಿಂದಲೂ ಗಂಡುಮಕ್ಕಳಿಗೆ ಇಡುವ ಒಂದು ಹೆಸರಿದೆ. ಅವರ ಬಾಯಲ್ಲಿ ಅದು ಹೆಚ್ಚುಕಡಿಮೆ ‘ರೀಸ್’. ಉಮೇದು, ಆವೇಶ, ಒಳಗಿನ ಬಿಸಿ ಎಂಬಂಥ ಅರ್ಥ. ರಾಜರಿಗೂ ಇದ್ದ ಹೆಸರು. ದಕ್ಷಿಣ ವೇಲ್ಸಿನ ದೊರೆ ರೀಸ್ ಆಪ್ ಟ್ಯೂಡರ್ ನಾರ್ಮನ್ನರೊಡನೆ ಕಾದಾಡಿ 1093ರಲ್ಲಿ ಸತ್ತ. ಅವನ ಮೊಮ್ಮಗ ರೀಸ್ ಆಪ್ ಗ್ರಿಫಿತ್ 1176ರಲ್ಲಿ ಕಾರ್ಡಿಗನ್ ಕೋಟೆಯಲ್ಲಿ ಕವಿಗಳಿಗೂ ಹಾಡುಗಾರರಿಗೂ ಪಂದ್ಯ ಏರ್ಪಡಿಸಿ, ಗೆದ್ದವರಿಗೆ ಕುರ್ಚಿ ಕೊಟ್ಟ. ಇವತ್ತಿಗೂ ವೇಲ್ಸಿನವರು ನಡೆಸುವ ‘ಐಸ್ಟೆಡ್‌ಫಾಡ್’ ಎಂಬ ಸಾಹಿತ್ಯ ಸಮ್ಮೇಳನಕ್ಕೆ ಅದೇ ಮೊದಲು ಎನ್ನುತ್ತಾರೆ. ನಮ್ಮ ಸಮ್ಮೇಳನಗಳಲ್ಲೂ ಕುರ್ಚಿಗೆ ಪಂದ್ಯವಿದೆ, ಕವಿತೆ ಓದುವ ಷರತ್ತು ಮಾತ್ರ ಇಲ್ಲ.

“ಆ ಆಪ್ ಅಂದ್ರೇನ್ರೀ? ಮೊಬೈಲಿಂದೇನು?”

‘ಆಪ್’ ಎಂದರೆ ಮಗ. ವೇಲ್ಸಿನವರಿಗೂ ನನ್ನಂತೆ ಅಡ್ಡಹೆಸರು ಇರಲಿಲ್ಲ ಎಂದು ಹೇಳುವಾಗ ನನ್ನ ದನಿ ಸ್ವಲ್ಪ ಮೇಲೆದ್ದಿರಬೇಕು. ಇಂಥವನ ಮಗ ಇಂಥವನು, ಅವನು ಇಂಥವನ ಮಗ, ಹೀಗೆ ಅಜ್ಜ ಮುತ್ತಜ್ಜನವರೆಗೆ ಪೋಣಿಸಿಕೊಂಡು ಹೋಗುವುದು ಅವರ ಕ್ರಮ. ಎಂಟನೇ ಹೆನ್ರಿಯ ಕಾಲದ 1536 ಮತ್ತು 1543ರ ಕಾಯಿದೆಗಳು ವೇಲ್ಸನ್ನು ಇಂಗ್ಲೆಂಡಿನ ಆಡಳಿತಕ್ಕೆ ಸೇರಿಸಿದವು. ಕೋರ್ಟು ಕಚೇರಿಯ ಭಾಷೆ ಇಂಗ್ಲಿಷಾಯಿತು. ರೋಲಂಡ್ ಲೀ ಎಂಬ ಬಿಷಪ್ಪನ ಕಥೆಯೊಂದಿದೆ. ಗಡಿನಾಡಿನ ಆಡಳಿತವೂ ಅವನ ಕೈಯಲ್ಲಿತ್ತು. ವಿಚಾರಣೆಯಲ್ಲಿ ಒಬ್ಬ ಜಮೀನ್ದಾರನ ಹೆಸರು ಕೂಗಿದರು. ಥಾಮಸ್ ಆಪ್ ರಿಚರ್ಡ್ ಆಪ್ ಹೊವೆಲ್ ಆಪ್ ಇನ್ನೊಬ್ಬ. ಬಿಷಪ್ಪನ ತಾಳ್ಮೆ ತೀರಿ, ಇಷ್ಟೆಲ್ಲ ಬೇಡ, ನಿನ್ನ ಮನೆಯಿರುವ ಊರಿನ ಹೆಸರಿಟ್ಟುಕೋ ಎಂದನಂತೆ. ಊರು ಮಾಸ್ಟಿನ್. ಅಂದಿನಿಂದ ಮಾಸ್ಟಿನ್ ಮನೆತನ. ನಿಜವೋ ಕಟ್ಟುಕಥೆಯೋ, ಗುಮಾಸ್ತನ ಕೈ ನೋಯದಂತೆ ಜನ ಹೆಸರು ಕತ್ತರಿಸಿಕೊಂಡದ್ದು ಮಾತ್ರ ನಿಜ.

ಕತ್ತರಿಸುವಾಗ ಈ ‘ಆಪ್’ ಪೂರ್ತಿ ಹೋಗಲಿಲ್ಲ. ಅದರ ಪಕಾರವೊಂದು ಮುಂದಿನ ಹೆಸರಿಗೆ ಕಚ್ಚಿಕೊಂಡು ಉಳಿಯಿತು. ಆಪ್ ಹೊವೆಲ್ ಪೊವೆಲ್ ಆದ, ಆಪ್ ರಿಚರ್ಡ್ ಪ್ರಿಚರ್ಡ್ ಆದ, ಆಪ್ ಹ್ಯೂ ಪ್ಯೂ ಆದ. ಸ್ವರದ ಮುಂದೆ ಅದು ‘ಅಬ್’. ಹಾಗಾಗಿ ಅಬ್ ಓವೆನ್ ಬೋವೆನ್, ಅಬ್ ಇವಾನ್ ಬೆವನ್. ಆಪ್ ಹ್ಯಾರಿ ಪ್ಯಾರಿ.

“ಪ್ಯಾರಿ ಅಂದ್ರ ಚಾಕಲೇಟಿನ ಪ್ಯಾರಿ?”

ಅದೇ. 1788ರಲ್ಲಿ ಮದ್ರಾಸಿಗೆ ಬಂದು ವ್ಯಾಪಾರ ಹೂಡಿದ ಥಾಮಸ್ ಪ್ಯಾರಿ ವೇಲ್ಸಿನವನು. ಚೆನ್ನೈನ ಪ್ಯಾರೀಸ್ ಕಾರ್ನರ್ ಅವನದೇ. ಇನ್ನು ಆಪ್ ರೀಸ್? ಅವನು ಪ್ರೈಸ್ ಆದ.

ಇಲ್ಲಿ ಅಕ್ಕಿಯವರು ನಕ್ಕ ನಗೆಗೆ ಮೆಣಸಿನಕಾಯಿಯವರ ಮನೆಯ ಕಿಟಕಿ ತೆರೆಯಿತು. “ಅಕ್ಕಿ ಮಗ ರೇಟು! ರೈಸಿಂದ ಪ್ರೈಸ್ ಹುಟ್ಟಿತು! ನಾ ಹೇಳ್ಲಿಲ್ಲೇನ್ರೀ ಇದು ನಮ್ಮ ಮನಿತನ ಅಂತ?”

ವಂಶಾವಳಿಯ ದೃಷ್ಟಿಯಿಂದ ಆ ಮಾತು ತಪ್ಪಲ್ಲ. ರೈಸನ ಮಗನೇ ಪ್ರೈಸ್. ಆದರೆ ರೀಸ್ ಎಂಬವನು ರೈಸ್ ಆದದ್ದು ಹೇಗೆ ಎಂಬುದು ಇನ್ನೂ ಉಳಿದಿದೆ, ನನಗೆ ಈ ಹೆಸರಿನಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಅದೇ. ಹದಿನೈದನೇ ಶತಮಾನದಿಂದಾಚೆಗೆ ಇಂಗ್ಲಿಷರ ನಾಲಿಗೆಗೆ ಏನೋ ಆಯಿತು. ದೀರ್ಘ ಸ್ವರಗಳೆಲ್ಲ ಒಂದೊಂದಾಗಿ ಜಾಗ ಬಿಟ್ಟವು. ಅದುವರೆಗೆ ಅವರು ‘ಟೈಮ್’ ಎನ್ನುತ್ತಿರಲಿಲ್ಲ, ‘ಟೀಮ್’ಗೆ ಹತ್ತಿರದ ಸದ್ದು. ‘ಲೈಫ್’ ಇರಲಿಲ್ಲ, ‘ಲೀಫ್’ ಇತ್ತು. ಈ ‘ಈ’ಕಾರ ಮೆಲ್ಲಗೆ ‘ಐ’ಕಾರವಾಯಿತು. ಅದಕ್ಕೆ ಮೊದಲೇ ಇಂಗ್ಲಿಷರ ಬಾಯಿಗೆ ಬಿದ್ದಿದ್ದ ರೀಸರು ಆ ಹೊಳೆಯಲ್ಲಿ ತೇಲಿ ರೈಸರಾದರು, ಮಕ್ಕಳು ಪ್ರೈಸರಾದರು. ವೇಲ್ಸಿನ ಉಚ್ಚಾರವನ್ನೇ ಹಿಡಿದು ಕೂತವರು ರೀಸ್, ಪ್ರೀಸ್ ಎಂದೇ ಉಳಿದರು. ಒಂದೇ ಹೆಸರು ಯಾರ ಬಾಯಲ್ಲಿ, ಯಾವ ಕಾಲದಲ್ಲಿ ಸಿಕ್ಕಿಕೊಂಡಿತು ಎಂಬುದರ ಮೇಲೆ ನಾಲ್ಕು ಮನೆತನ.

ತಮಾಷೆಯೆಂದರೆ ತಿನ್ನುವ ರೈಸ್ ಕೂಡ ಅದೇ ಹೊಳೆಯಲ್ಲಿ ತೇಲಿತು. ಫ್ರೆಂಚರಿಂದ ‘ರೀಸ್’ ಎಂದೇ ಬಂದ ಮಾತು, ಅದಕ್ಕೂ ಹಿಂದೆ ಲ್ಯಾಟಿನ್, ಗ್ರೀಕರ ‘ಒರೈಜಾ’. ಗ್ರೀಕರಿಗೆ ಅದು ತಮಿಳಿನ ‘ಅರಿಸಿ’ಯಿಂದ ಸಿಕ್ಕಿತೆಂದು ಕೆಲವರು, ಸಂಸ್ಕೃತದ ‘ವ್ರೀಹಿ’ಯ ಬಳಗದಿಂದ ಇರಾನಿನ ಹಾದಿಯಾಗಿ ಹೋಯಿತೆಂದು ಇನ್ನು ಕೆಲವರು. ನಮ್ಮ ‘ಅಕ್ಕಿ’ಯನ್ನೂ ತಮಿಳಿನ ‘ಅರಿಸಿ’ಯನ್ನೂ ಬರೋ ಮತ್ತು ಎಮೆನೊ ತಮ್ಮ ದ್ರಾವಿಡ ನಿಘಂಟಿನಲ್ಲಿ ಒಂದೇ ಬುಡಕ್ಕೆ ಸೇರಿಸಿದ್ದಾರೆ. ಅಂದರೆ ಒಬ್ಬ ರೀಸ್ ವೇಲ್ಸಿನ ಗುಡ್ಡದಿಂದ ಇಳಿದ, ಇನ್ನೊಬ್ಬ ಏಷ್ಯಾದ ಗದ್ದೆಯಿಂದ ಹೋದ. ಇಂಗ್ಲೆಂಡಿನಲ್ಲಿ ಇಬ್ಬರಿಗೂ ಒಂದೇ ಕ್ಷೌರವಾಗಿ ಅವಳಿಜವಳಿಯಂತೆ ಕಾಣತೊಡಗಿದರು.

“ಅಂದ್ರ ಪಾಲುದಾರಿಕಿ ಇಲ್ಲ, ಬರೇ ಒಂದ ಬೋರ್ಡು,” ಎಂದರು ಅಕ್ಕಿಯವರು, ಬ್ಯಾಂಕಿನ ದನಿಯಲ್ಲಿ. ನಾನು ಪುಟಗಟ್ಟಲೆ ಬರೆದರೂ ಇದಕ್ಕಿಂತ ಚೆನ್ನಾಗಿ ಹೇಳಲಾರೆ.

ಈಗ ಈ ಜನ ಎಲ್ಲೆಲ್ಲಿದ್ದಾರೆ ಎನ್ನುತ್ತೀರೋ. ವೇಲ್ಸಿನ ನೈಋತ್ಯಕ್ಕೆ, ಕಾರ್ಮಾರ್ಥೆನ್ ಕಡೆಗೆ ಹೋದರೆ ರೀಸ್‌ಗಳು. ನಡುನಾಡಿನ ಬ್ರೆಕನ್ ಗುಡ್ಡಗಳ ಸುತ್ತ ಪ್ರೈಸ್‌ಗಳು. ಗಡಿ ದಾಟಿ ಹೆರೆಫರ್ಡ್ ಸೀಮೆಗೆ ಬಂದರೆ ಪ್ರೀಸ್‌ಗಳು. ರೈಸ್ ಎಂದು ಬರೆಯುವವರನ್ನು ಹುಡುಕಬೇಕಾದ್ದು ವೇಲ್ಸಿನ ಹೊರಗೆ: ಇಂಗ್ಲೆಂಡಿನಲ್ಲಿ, ಐರ್ಲೆಂಡಿನಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಅಮೆರಿಕದಲ್ಲಿ.

ಐರ್ಲೆಂಡಿಗೆ ಇವರು ನಾರ್ಮನ್ನರ ಕಾಲದಲ್ಲೇ ಹೋದರು. ವಾಟರ್‌ಫರ್ಡ್ ಪಟ್ಟಣಕ್ಕೆ ಹನ್ನೊಂದು ಸಲ ಮೇಯರ್ ಆದ ಜೇಮ್ಸ್ ರೈಸ್ ಎಂಬವನ ಹದಿನೈದನೇ ಶತಮಾನದ ಗೋರಿ ಅಲ್ಲಿನ ಕೆಥೆಡ್ರಲಿನಲ್ಲಿದೆ. ಅದರ ಮೇಲೆ ಕೆತ್ತಿರುವುದು ಕೊಳೆಯುತ್ತಿರುವ ಹೆಣ, ಹೊಟ್ಟೆಯ ಮೇಲೆ ಕಪ್ಪೆ, ಸುತ್ತ ಹುಳು. ಹನ್ನೊಂದು ಸಲ ಮೇಯರ್ ಆದವನಿಗೆ ಅಷ್ಟು ವೈರಾಗ್ಯ ಬಂದದ್ದು ಸಹಜ. ಅದೇ ಊರಿನಲ್ಲಿ 1802ರಲ್ಲಿ ಬಡಹುಡುಗರಿಗೆ ಶಾಲೆ ತೆರೆದು ಕ್ರಿಶ್ಚಿಯನ್ ಬ್ರದರ್ಸ್ ಪಂಥ ಕಟ್ಟಿದವರು ಎಡ್ಮಂಡ್ ಇಗ್ನೇಷಿಯಸ್ ರೈಸ್. ಲಿಮರಿಕ್‌ನ ಥಾಮಸ್ ಸ್ಪ್ರಿಂಗ್ ರೈಸ್ 1835ರಿಂದ 1839ರವರೆಗೆ ಬ್ರಿಟನ್ನಿನ ಹಣಕಾಸು ಮಂತ್ರಿ. ಸ್ಪ್ರಿಂಗ್ ತಾಯಿಯ ಮನೆತನ, ರೈಸ್ ತಂದೆಯದು. ವಸಂತಕಾಲದ ಬತ್ತ ಎಂದು ನಗುವವರು ನಗಲಿ. ಉತ್ತರದ ಆರ್ಮಾ, ಮೊನಗನ್ ಕಡೆಯ ರೈಸ್‌ಗಳ ಕಥೆಯೇ ಬೇರೆ. ಅವರ ಮೂಲ ಹೆಸರು ಓ ಮುಲ್ಕ್ರೀವಿ ಎಂಬಂಥ ಗೇಲಿಕ್ ಹೆಸರು. ಇಂಗ್ಲಿಷಿನಲ್ಲಿ ಬರೆಯುವಾಗ ಅದೂ ರೈಸ್ ಆಯಿತು. ಎರಡಕ್ಕೂ ಒಂದಕ್ಷರದ ಸಂಬಂಧವಿಲ್ಲ.

“ಡೆಕ್ಲನ್ ರೈಸ್ ಅಂತ ನಮ್ಮ ಮೊಮ್ಮಗಾ ಟೀವಿ ಮುಂದ ಒದರ್ತಿರ್ತಾನ.”

ಆ ಫುಟ್‌ಬಾಲ್ ಆಟಗಾರನ ಅಜ್ಜ ಅಜ್ಜಿ ಐರ್ಲೆಂಡಿನ ಕಾರ್ಕ್ ಕಡೆಯವರು. ಮೊದಲು ಐರ್ಲೆಂಡ್ ಪರ ಮೂರು ಪಂದ್ಯ ಆಡಿ, ಆಮೇಲೆ ಇಂಗ್ಲೆಂಡ್ ಪಾಲಾದ. ಐರಿಷರು ಇನ್ನೂ ಗೊಣಗುತ್ತಿದ್ದಾರೆ.

ಅಮೆರಿಕದಲ್ಲಿ ಹತ್ತಿ ವ್ಯಾಪಾರ, ರೈಲು, ಜಮೀನಿನಿಂದ ದುಡ್ಡು ಮಾಡಿದ ವಿಲಿಯಂ ಮಾರ್ಷ್ ರೈಸ್‌ನನ್ನು 1900ರಲ್ಲಿ ಆಸ್ತಿಗಾಗಿ ಅವನ ಸೇವಕನೂ ಒಬ್ಬ ವಕೀಲನೂ ಸೇರಿ ಮುಗಿಸಿದರು. ಖೋಟಾ ಉಯಿಲು ಬಯಲಾಗಿ, ಹಣ ಸೇರಬೇಕಾದಲ್ಲಿ ಸೇರಿ, ಹ್ಯೂಸ್ಟನ್ನಿನಲ್ಲಿ 1912ರಲ್ಲಿ ರೈಸ್ ವಿಶ್ವವಿದ್ಯಾಲಯ ಪಾಠ ಶುರುಮಾಡಿತು. ಕೃಷಿ ವಿಶ್ವವಿದ್ಯಾಲಯವಲ್ಲ ಎಂದು ಅಕ್ಕಿಯವರಿಗೆ ಮುಂಚಿತವಾಗಿಯೇ ಹೇಳಿಬಿಟ್ಟೆ.

ಅಲ್ಲಿನ ಎಲ್ಲ ರೈಸ್‌ಗಳೂ ವೇಲ್ಸ್, ಐರ್ಲೆಂಡಿನಿಂದ ಹೋದವರಲ್ಲ. ಜರ್ಮನಿಯ ರೈಸ್, ರೈಸ್ಸ್ ಎಂಬವರು ಕಾಗುಣಿತ ಬದಲಿಸಿಕೊಂಡು ಸೇರಿಕೊಂಡರು. ಇನ್ನು ಕಪ್ಪು ಜನರಲ್ಲಿ ಇರುವ ಇಂಥ ಹೆಸರುಗಳು ಬಹುಮಟ್ಟಿಗೆ ಅವರ ಹಿರಿಯರನ್ನು ಕೊಂಡು ಇಟ್ಟುಕೊಂಡಿದ್ದ ಧಣಿಗಳ ಹೆಸರುಗಳು. 1830ರ ಸುಮಾರಿಗೆ ಥಾಮಸ್ ರೈಸ್ ಎಂಬ ಬಿಳಿಯ ನಟ ಮುಖಕ್ಕೆ ಮಸಿ ಬಳಿದುಕೊಂಡು ‘ಜಿಮ್ ಕ್ರೋ’ ಎಂಬ ಕರಿಯನ ವೇಷ ಕಟ್ಟಿ ಕುಣಿದು ಹೆಸರು ಮಾಡಿದ. ಕಪ್ಪು ಜನರನ್ನು ಬೇರೆ ಬೆಂಚು, ಬೇರೆ ಶಾಲೆ, ಬೇರೆ ನಲ್ಲಿಗೆ ಅಟ್ಟಿದ ಕಾನೂನುಗಳಿಗೆ ಕೊನೆಗೆ ಆ ವೇಷದ ಹೆಸರೇ ಅಂಟಿಕೊಂಡಿತು. ಆ ಕಾನೂನುಗಳು ಬಿಗಿಯಾಗಿದ್ದ ಅಲಬಾಮಾದ ಬರ್ಮಿಂಗ್‌ಹ್ಯಾಮಿನಲ್ಲಿ 1954ರಲ್ಲಿ ಹುಟ್ಟಿದ ಹುಡುಗಿಯೊಬ್ಬಳು 2005ರಲ್ಲಿ ಅಮೆರಿಕದ ವಿದೇಶಾಂಗ ಮಂತ್ರಿಯಾದಳು. ಕಾಂಡೊಲೀಜಾ ರೈಸ್.

ಅಕ್ಕಿಯವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, “ಅಲ್ಲಿ ನಮ್ಮಂಗ ಕಾಳು ಕಡಿ ಹೆಸರಿನವ್ರು ಯಾರೂ ಇಲ್ಲೇನ್ರೀ?” ಎಂದರು.

ಇದ್ದಾರೆ, ಆದರೆ ನಂಬುವ ಹಾಗಿಲ್ಲ. ದಕ್ಷಿಣ ಧ್ರುವದ ಹಿಮದಲ್ಲಿ ಪ್ರಾಣಬಿಟ್ಟ ಕ್ಯಾಪ್ಟನ್ ಓಟ್ಸ್‌ನ ಅಡ್ಡಹೆಸರಿನಲ್ಲಿ ಓಟ್ಸ್ ಧಾನ್ಯವಿಲ್ಲ. ಅದು ಓಡೊ ಎಂಬ ನಾರ್ಮನ್ ಹೆಸರಿನ ಪಳೆಯುಳಿಕೆ. ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲಿ ಸಿ. ಟಿ. ಆನಿಯನ್ಸ್ ಎಂಬ ಮಹಾ ಪಂಡಿತರಿದ್ದರು. ಉಳ್ಳಾಗಡ್ಡಿಯವರಿಗೆ ಹೇಳಿ ಖುಷಿಪಡಿಸೋಣವೆಂದರೆ, ಆ ಹೆಸರಿನ ಬೇರು ವೇಲ್ಸಿನ ‘ಐನಿಯನ್’. ಮತ್ತೆ ವೇಲ್ಸ್! ಬೆಳ್ಳುಳ್ಳಿಯ ‘ಗಾರ್ಲಿಕ್’ ಮಾತ್ರ ಬೆಳ್ಳುಳ್ಳಿ ಮಾರುವವನೇ, ‘ಪೆಪ್ಪರ್’ ಎಂಬವನು ಮೆಣಸು ಮಾರುವವನೇ. ಕಿಟಕಿಯಲ್ಲಿ ನಿಂತಿದ್ದ ಮೆಣಸಿನಕಾಯಿಯವರು ಗೆದ್ದವರಂತೆ ಗಂಟಲು ಸರಿಮಾಡಿಕೊಂಡರು. ಕರಿಮೆಣಸು ಬೇರೆ, ಮೆಣಸಿನಕಾಯಿ ಬೇರೆ ಎಂದು ಅಕ್ಕಿಯವರು ತಕ್ಷಣ ತಕರಾರು ತೆಗೆದರು. ಅದು ಇತ್ಯರ್ಥವಾಗಲು ಹದಿನೈದು ನಿಮಿಷ ಹಿಡಿಯಿತು.

ಕೊನೆಗೆ ನಾನು ಡೈನೆವರ್ ಮನೆತನದ ಮಾತು ತೆಗೆದೆ. 1485ರ ಬಾಸ್‌ವರ್ತ್ ಯುದ್ಧದಲ್ಲಿ ಹೆನ್ರಿ ಟ್ಯೂಡರನ ಕಡೆ ನಿಂತ ಸರ್ ರೀಸ್ ಆಪ್ ಥಾಮಸ್ ಈ ಮನೆತನದ ಹಿರಿಯ. ಮೂರನೇ ರಿಚರ್ಡನನ್ನು ಕೆಡವಿದ್ದು ಅವನೇ ಎಂದು ವೇಲ್ಸಿನವರು ಹೇಳಿಕೊಳ್ಳುತ್ತಾರೆ. ಟ್ಯೂಡರರು ತೀರಿಸಿದ ಋಣ ಹೇಗಿತ್ತೆಂದರೆ, ಅವನ ಮೊಮ್ಮಗನ ತಲೆಯನ್ನು ಎಂಟನೇ ಹೆನ್ರಿ 1531ರಲ್ಲಿ ತೆಗೆಸಿದ, ಆಸ್ತಿಯನ್ನೂ ಕಿತ್ತುಕೊಂಡ. ಉಳಿದವರು ಇಂಗ್ಲಿಷರಂತೆ ರೈಸ್ ಎಂದು ಬರೆದುಕೊಂಡು ಬದುಕಿ, ಮೆಲ್ಲಗೆ ಜಮೀನು ಬಿಡಿಸಿಕೊಂಡು, ಬ್ಯಾರನ್‌ಗಳಾದರು. ಏಳನೆಯ ಬ್ಯಾರನ್ ಡೈನೆವರ್ 1916ರಲ್ಲಿ, ಮಹಾಯುದ್ಧ ನಡೆಯುತ್ತಿರುವಾಗ, ರಾಜನ ಅಪ್ಪಣೆ ಪಡೆದು ರೈಸ್ ಎಂಬುದನ್ನು ಮತ್ತೆ ರೀಸ್ ಎಂದು ತಿದ್ದಿಸಿಕೊಂಡ.

“ಅಫಿಡವಿಟ್ಟು, ಪೇಪರಿನ್ಯಾಗ ಜಾಹೀರಾತು, ಎಲ್ಲಾ ಮಾಡಿರಬೇಕ್ರೀ ಪಾಪ.”

ರಾಜನ ಸಹಿಯೇ ಇದ್ದಮೇಲೆ ನೋಟರಿ ಬೇಕಾಗಿರಲಾರದು ಎಂದೆ. ಈಗ ವೇಲ್ಸಿನಲ್ಲಿ ರೀಸ್ ಮತ್ತೆ ಹುಡುಗರ ಹೆಸರಾಗಿ ಜೋರಾಗಿ ನಡೆಯುತ್ತಿದೆ, ‘ಆಪ್’ ಹಚ್ಚಿಕೊಳ್ಳುವ ಹೊಸಬರೂ ಇದ್ದಾರೆ. ಆದರೆ ಅವರ ಹಾಗೆ ಉಚ್ಚರಿಸಬೇಕಾದರೆ ಬರೀ ರಕಾರ ಸಾಲದು. ರಕಾರದ ಜೊತೆಗೇ ಬಿಸಿಯುಸಿರು ಹೊರಡಬೇಕು, ರ್ಹೀಸ್.

ಅಕ್ಕಿಯವರು ಕಾಂಪೌಂಡಿಗೆ ಕೈಯೂರಿ ಎರಡು ಸಲ ಪ್ರಯತ್ನಿಸಿದರು. ಮೊದಲನೆಯದು ಸೀನಾಯಿತು. ಎರಡನೆಯದು ಪರವಾಗಿಲ್ಲ, ಕಾರ್ಡಿಫ್‌ನಲ್ಲಿ ನಡೆಯುತ್ತದೆ.