ಸೀಟಿನ ಕೆಳಗಿನ ಪ್ರಯಾಣಿಕ

ವಿಮಾನದಲ್ಲಿ ಜನ ಕೂರುವ ಕಡೆಗೇ ಕರೆದೊಯ್ಯಬಹುದಾದ ನಾಯಿಯನ್ನು ಗುರುತಿಸುವುದು ತಳಿಯಿಂದಲ್ಲ, ಗುಣದಿಂದಲೂ ಅಲ್ಲ, ತೂಕದಿಂದ. ಆಕಾಶ ಏರ್ 2022ರ ನವೆಂಬರ್‌ನಲ್ಲಿ ಈ ಸೌಲಭ್ಯ ಆರಂಭಿಸಿದಾಗ ಪೆಟ್ಟಿಗೆಯೂ ಸೇರಿ 7 ಕೆ.ಜಿ. ಮಿತಿಯಿತ್ತು, ಆಮೇಲೆ ಅದು 10ಕ್ಕೆ ಏರಿತು. ಏರ್ ಇಂಡಿಯಾವೂ ಪುಟ್ಟ ನಾಯಿಗಳಿಗೆ ಒಳಗೆ ಜಾಗ ಕೊಡುತ್ತದೆ. ಕರ್ನಾಟಕದ ಹೆಮ್ಮೆಯಾದ ಮುಧೋಳ ನಾಯಿ ಇಪ್ಪತ್ತು ಕೆ.ಜಿ. ದಾಟುವುದರಿಂದ ಈ ಲೆಕ್ಕಕ್ಕೆ ಬರುವುದಿಲ್ಲ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಚೀಟಿ ಹೊರತಂದಿತು; ಲಕೋಟೆಯ ಮೂಲೆಗೆ ಅಂಟಿಕೊಂಡು ಹಾರುವುದಾದರೆ ಮಾತ್ರ ಅದರ ತೂಕಕ್ಕೆ ತಕರಾರಿಲ್ಲ. ಅರಸೀಕೆರೆ, ಬೇಲೂರು, ಹಳೇಬೀಡು ಕಡೆಯ ಮನೆಗಳಲ್ಲಿ ಮಿತಿಯೊಳಗೆ ಬರುವುದು ಬಹುಮಟ್ಟಿಗೆ ಪಮೇರಿಯನ್ ಎಂದು ಕರೆಸಿಕೊಳ್ಳುವ, ಹಳೆಯ ಹತ್ತಿಯ ದಿಂಬಿನಂಥ ಬಿಳಿ ನಾಯಿ.

ಮೊದಲ ಹಂತ ತೂಗುವುದು. ತೆಂಗಿನ ಸೀಮೆಯಾದ ಅರಸೀಕೆರೆಯಲ್ಲಿ ಇದಕ್ಕೆ ತಕ್ಕಡಿಯ ಕೊರತೆಯಿಲ್ಲ. ಯಾವ ಕೊಬ್ಬರಿ ಮಂಡಿಗೆ ಹೋದರೂ ಆಯಿತು. ಆದರೆ ಕೊಬ್ಬರಿ ತಕ್ಕಡಿಯ ಮೇಲೆ ಸುಮ್ಮನೆ ಕೂರುತ್ತದೆ, ನಾಯಿ ಕೂರುವುದಿಲ್ಲ. ಹತ್ತಿಸಿದ ಕೂಡಲೇ ಅದು ಹಿಂದಿನ ಮೂಟೆಯ ವಾಸನೆ ಹಿಡಿಯುತ್ತದೆ, ಸುತ್ತು ಹಾಕುತ್ತದೆ, ಬಾಲ ಅಲ್ಲಾಡಿಸುತ್ತದೆ. ಕೆಂಪು ಅಂಕಿಗಳು ಐದೂವರೆ, ಆರೂಕಾಲು, ನಾಲ್ಕೂಮುಕ್ಕಾಲು ಎಂದು ಬಾಲದ ತಾಳಕ್ಕೆ ಕುಣಿಯುತ್ತವೆ. ಅನುಭವಸ್ಥರ ವಿಧಾನ ಬೇರೆ: ಯಜಮಾನ ನಾಯಿಯನ್ನು ಎತ್ತಿಕೊಂಡು ಒಮ್ಮೆ, ಬರಿಗೈಲಿ ಒಮ್ಮೆ ನಿಂತು, ಒಂದರಲ್ಲಿ ಇನ್ನೊಂದನ್ನು ಕಳೆಯುವುದು. ಇದರಿಂದ ನಾಯಿಯ ತೂಕ ಯಜಮಾನನಿಗೂ, ಯಜಮಾನನ ತೂಕ ಇಡೀ ಮಂಡಿಗೂ ತಿಳಿಯುತ್ತದೆ. ಎರಡರಲ್ಲಿ ಇಳಿಯಬೇಕಾದದ್ದು ಯಾವುದೆಂಬ ಬಗ್ಗೆ ಹಮಾಲರಿಗೆ ಅನುಮಾನವಿರುವುದಿಲ್ಲ. ಆದರೂ ಮಾರನೆಯ ದಿನದಿಂದ ಬಿಸ್ಕತ್ತು ನಿಲ್ಲುವುದು ನಾಯಿಗೇ.

ಎರಡನೆಯದು ಪ್ರಮಾಣಪತ್ರ. ರೇಬಿಸ್ ಲಸಿಕೆಯ ಪುಸ್ತಕದ ಜೊತೆ, ನಾಯಿ ಹಾರಲು ಯೋಗ್ಯವಾಗಿದೆ ಎಂದು ಪಶುವೈದ್ಯರು ಬರೆದುಕೊಡಬೇಕು. ತಾಲ್ಲೂಕು ಪಶು ಆಸ್ಪತ್ರೆಯ ಅಂಗಳದಲ್ಲಿ ಕೆಚ್ಚಲು ಬಾತ ಹಸು, ಕಾಲು ಮುರಿದ ಮೇಕೆಗಳ ನಡುವೆ ಸ್ನಾನ ಮಾಡಿ ಪೌಡರ್ ಹಾಕಿಸಿಕೊಂಡ ನಾಯಿ ಸರದಿಗೆ ಕಾಯುತ್ತದೆ. ಪಕ್ಕದ ರೈತ ಕೇಳುವುದು ಸಹಜ: ‘ಏನಾಗೈತೆ ಸಾ ಇದುಕ್ಕೆ?’ ಉತ್ತರ: ‘ಏನೂ ಆಗಿಲ್ಲ. ಏನೂ ಆಗಿಲ್ಲ ಅಂತ ಬರೆಸ್ಕೊಂಡು ಹೋಗೋಕೆ ಬಂದಿದೀವಿ.’ ನಿದ್ದೆ ಮಾತ್ರೆ ಕೊಟ್ಟು ಮಲಗಿಸಿದರಾಗದೇ ಎಂಬ ಪ್ರಶ್ನೆಯೂ ಇಲ್ಲೇ ಏಳುತ್ತದೆ. ಎತ್ತರದಲ್ಲಿ ಅದು ಉಸಿರಾಟ, ರಕ್ತದೊತ್ತಡಗಳನ್ನು ಏರುಪೇರು ಮಾಡಬಹುದಾದ್ದರಿಂದ ವೈದ್ಯರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಪಗ್‌ನಂಥ ಚಪ್ಪಟೆ ಮೂಗಿನವಕ್ಕೆ ನೆಲದ ಮೇಲೂ ಉಸಿರು ಕಷ್ಟವೇ. ಅವಕ್ಕೆ ಇನ್ನಷ್ಟು ಎಚ್ಚರ ಬೇಕು.

ಮೂರನೆಯದು ದೇವನಹಳ್ಳಿಯ ವಿಮಾನ ನಿಲ್ದಾಣ ತಲುಪುವುದು. ಇದು ಹಾರುವುದಕ್ಕಿಂತ ಕಷ್ಟ. ಹಾಸನದ ಭೂವನಹಳ್ಳಿಯ ವಿಮಾನ ನಿಲ್ದಾಣ ವರ್ಷಗಳಿಂದ ಕಾಮಗಾರಿಯ ಸುದ್ದಿಯಲ್ಲೇ ಇದೆ. ಅರಸೀಕೆರೆ ದೊಡ್ಡ ಜಂಕ್ಷನ್. ಹುಬ್ಬಳ್ಳಿಯ ಹಾದಿಯೂ ಹಾಸನ–ಮೈಸೂರಿನ ಹಾದಿಯೂ ಕೂಡುವ ಜಾಗ. ಆದರೆ ರೈಲಿನಲ್ಲಿ ನಾಯಿಯನ್ನು ಮಗ್ಗುಲಲ್ಲಿಟ್ಟುಕೊಳ್ಳಲು ಮೊದಲ ದರ್ಜೆಯ ಇಡೀ ಕೂಪೆಯನ್ನೇ ಹಿಡಿಯಬೇಕು. ಇಲ್ಲವಾದರೆ ಪಾರ್ಸೆಲ್ ಕಚೇರಿಯಲ್ಲಿ ಬರೆಸಿ ಗಾರ್ಡ್ ವ್ಯಾನಿನ ಪೆಟ್ಟಿಗೆಗೆ ಒಪ್ಪಿಸಬೇಕು. ಸರ್ಕಾರಿ ಬಸ್ಸಿನಲ್ಲಿ ಸಾಕುಪ್ರಾಣಿಗೆ ಮಕ್ಕಳ ಹಾಗೆ ಅರ್ಧ ಟಿಕೆಟ್. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಅಜ್ಜಿ, ಮೊಮ್ಮಗಳು ಶಕ್ತಿ ಯೋಜನೆಯಲ್ಲಿ ಪುಕ್ಕಟೆಯಾಗಿ ಕೂತರೆ, ಜೊತೆಗಿದ್ದ ನಾಲ್ಕು ಗಿಣಿಗಳಿಗೆ ತಲಾ 111ರಂತೆ 444 ರೂಪಾಯಿ ಬಿತ್ತು. ರೆಕ್ಕೆಯಿದ್ದವು ಬಸ್ಸಿಗೆ ದುಡ್ಡು ಕೊಡುವ ಕಾಲದಲ್ಲಿ, ರೆಕ್ಕೆಯಿಲ್ಲದ ನಾಯಿ ವಿಮಾನಕ್ಕೆ ಕೊಡುವುದು ಅನ್ಯಾಯವೇನಲ್ಲ.

ನಿಲ್ದಾಣದ ತಪಾಸಣೆಯಲ್ಲಿ ಖಾಲಿ ಪೆಟ್ಟಿಗೆ ಎಕ್ಸ್‌ರೇ ಯಂತ್ರಕ್ಕೆ ಹೋಗುತ್ತದೆ. ನಾಯಿ ಯಜಮಾನನ ತೋಳಲ್ಲಿ ಚೌಕಟ್ಟು ದಾಟುತ್ತದೆ. ಬೆಲ್ಟು ಬಿಚ್ಚಿ ಟ್ರೇಗೆ ಹಾಕಿದ ಯಜಮಾನ ಒಂದು ಕೈಯಲ್ಲಿ ನಾಯಿ, ಇನ್ನೊಂದರಲ್ಲಿ ಪ್ಯಾಂಟು ಹಿಡಿದು ನಡೆಯುವ ಈ ಹತ್ತು ಹೆಜ್ಜೆಗಳೇ ಪ್ರಯಾಣದ ನಿಜವಾದ ಅಪಾಯ. ಸರದಿಯಲ್ಲಿರುವವರದು ಒಂದೇ ಪ್ರಶ್ನೆ: ‘ಕಚ್ಚುತ್ತಾ?’ ನಾಯಿ ಸಾಕಿದವರೆಲ್ಲರದೂ ಒಂದೇ ಉತ್ತರ: ‘ಏನೂ ಮಾಡಲ್ಲ ಬನ್ನಿ.’ ಇದನ್ನು ನಂಬಿದವರು ಈವರೆಗೆ ಯಾರೂ ಇಲ್ಲ.

ಒಳಗೆ ನಾಯಿಯ ಜಾಗ ಮುಂದಿನ ಸೀಟಿನ ಕೆಳಗೆ, ಪೆಟ್ಟಿಗೆಯಲ್ಲಿ, ಯಜಮಾನನ ಕಾಲ ಬಳಿ. ಇದು ಈ ಸೀಮೆಗೆ ಹೊಸದಲ್ಲ. ಹಳೇಬೀಡಿನ ಹೊಯ್ಸಳೇಶ್ವರದ ಗೋಡೆಯಲ್ಲಿ ಆನೆಗಳಿಗೆ ಕೆಳಗಿನ ಸಾಲು, ಅದರ ಮೇಲೆ ಸಿಂಹಗಳು, ಎಲ್ಲಕ್ಕೂ ಮೇಲಿನ ಸಾಲು ಹಂಸಗಳಿಗೆ. ಭಾರದವು ತಳದಲ್ಲಿ, ಹಾರುವವು ತುದಿಯಲ್ಲಿ. ನಾಯಿಗೆ ಅಲ್ಲಿ ಸಾಲಿಲ್ಲ. ಹೊಯ್ಸಳ ಶಿಲ್ಪಿಗಳು ಅದನ್ನು ಕೂರಿಸಿದ್ದು ಭೈರವನ ಕಾಲ ಬುಡದಲ್ಲಿ. ವಿಮಾನದವರು ಮಾಡಿದ್ದೂ ಅದನ್ನೇ, ಮೇಲೊಂದು ಶುಲ್ಕ ಸೇರಿಸಿ.

ಹಾರುವಾಗ ಒಳಗಿನ ಗಾಳಿಯ ಒತ್ತಡ 1,800ರಿಂದ 2,400 ಮೀಟರ್ ಎತ್ತರದಲ್ಲಿರುವಷ್ಟು. ಬೇಲೂರಿನವರಿಗೆ ಹೇಳುವುದಾದರೆ, ಸುಮಾರು 1,930 ಮೀಟರಿನ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಕೂತ ಹಾಗೆ. ಇಳಿಯುವಾಗ ಕಿವಿ ಕಟ್ಟುತ್ತದೆ. ಮನುಷ್ಯನ ಕಿವಿ 20,000 ಹರ್ಟ್ಜ್‌ವರೆಗೆ ಕೇಳಿದರೆ ನಾಯಿಯದು 45,000ದ ಆಸುಪಾಸು. ಆ ಕಿವಿಗೆ ಆಕಳಿಸು ಎಂದು ಹೇಳಿದರೆ ಮಾತ್ರ ಕೇಳುವುದಿಲ್ಲ. ಅದಕ್ಕೇ ಆಗ ಅಗಿದು ನುಂಗಲು ಒಂದು ಚೂರು ತಿಂಡಿ ಕೊಡುತ್ತಾರೆ. ಮಂಡಿಯಲ್ಲಿ ನಿಂತುಹೋಗಿದ್ದ ಬಿಸ್ಕತ್ತು ಹೀಗೆ ಆಕಾಶದಲ್ಲಿ ಮರಳುತ್ತದೆ. ಉಳಿದ ಹೊತ್ತೆಲ್ಲ ಯಜಮಾನ ಐದು ನಿಮಿಷಕ್ಕೊಮ್ಮೆ ಬಗ್ಗಿ ನೋಡುತ್ತಾನೆ. ಅವನ ಚಪ್ಪಲಿಯ ವಾಸನೆ ಮೂಗಿಗೆ ಬಡಿಯುತ್ತಿರುವುದರಿಂದ ನಾಯಿಗೆ ತಾನು ಮನೆ ಬಿಟ್ಟದ್ದೇ ಗೊತ್ತಿರುವುದಿಲ್ಲ. ಅದು ಜಗಲಿಯ ಮೇಲಿನ ನಿದ್ದೆಯನ್ನೇ ಮುಂದುವರಿಸುತ್ತದೆ.

ಊರು ಬದಲಾದ ಸುದ್ದಿ ಅದಕ್ಕೆ ತಿಳಿಯುವುದು ಇಳಿದು ಹೊರಬಂದಾಗ, ಮೊದಲ ಕಂಬದ ಬುಡದಲ್ಲಿ. ಅಲ್ಲಿ ಮೂಸಿ, ಬರೆದದ್ದನ್ನೆಲ್ಲ ಓದಿ, ಕೊನೆಗೆ ಕಾಲೆತ್ತಿ ತನ್ನದೂ ಒಂದು ಸಾಲು ಸೇರಿಸಿದರೆ ಪ್ರಯಾಣ ಮುಗಿಯಿತು.